ಶೆಲ್ ಮುಚ್ಚಿದ ಮೇಲೆ ಬರುವ ತೊಂದರೆಗಳು: ಯುನಿಕ್ಸ್ ಸರ್ವರ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಯಾವುದೋ ಒಂದು ಅಕೌಂಟ್‌ಗೆ ಶೆಲ್, ಎಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಪ್ರೋಗ್ರಾಂ, ಬೇಡ ಅಂತ ತೀರ್ಮಾನ ಮಾಡುತ್ತೀರಿ. ಯೂಸರ್‌ಮಾಡ್ ಕಮಾಂಡ್ ಕೊಟ್ಟು ಶೆಲ್ ಇದ್ದ ಜಾಗದಲ್ಲಿ, ಬಂದವರನ್ನು ವಾಪಸ್ ಕಳಿಸುವ ನೋಲಾಗಿನ್ ಪ್ರೋಗ್ರಾಂ ಕೂರಿಸುತ್ತೀರಿ. ಒಂದೇ ಸಾಲಿನ ಕೆಲಸ. ಆಮೇಲೆ ಬರುವ ದೂರುಗಳು ಎರಡು ಬಗೆ. ಒಂದು, ಬರಬೇಕಾದವರು ಒಳಗೆ ಬರಲಾಗುತ್ತಿಲ್ಲ: ಫೈಲ್ ಹೋಗುತ್ತಿಲ್ಲ, ಬ್ಯಾಕಪ್ ನಿಂತಿದೆ. ಇನ್ನೊಂದು, ಮುಚ್ಚಿದ ಅಕೌಂಟ್ ಹೆಸರಿನಲ್ಲಿ ಇನ್ನೂ ಏನೋ ನಡೆಯುತ್ತಲೇ ಇದೆ. ಮೊದಲನೆಯದರ ಗಲಾಟೆ ಜಾಸ್ತಿ, ಹಾಗಾಗಿ ಬೇಗ ಗೊತ್ತಾಗುತ್ತದೆ. ಎರಡನೆಯದು ಸದ್ದಿಲ್ಲದೆ ಇರುತ್ತದೆ. ನಿಜವಾಗಿ ಹೆದರಬೇಕಾದದ್ದು ಅದಕ್ಕೇ.

ಎರಡಕ್ಕೂ ಹುಡುಕುವ ದಾರಿ ಒಂದೇ. /ಇಟಿಸಿ/ಪಾಸ್‌ಡಬ್ಲ್ಯುಡಿ ಫೈಲ್‌ನ ಪ್ರತಿ ಸಾಲಿನಲ್ಲಿ ಕೋಲನ್ ಹಾಕಿ ಬೇರೆ ಮಾಡಿದ 7 ಫೀಲ್ಡ್‌ಗಳಿವೆ. ಕೊನೆಯದು ಲಾಗಿನ್ ಶೆಲ್. ಅದು ಬರೀ ಒಂದು ಪ್ರೋಗ್ರಾಂನ ಹೆಸರು. ಕೆಲವು ಪ್ರೋಗ್ರಾಂಗಳು ಅದನ್ನು ಓದಿ, ಅಲ್ಲಿರುವುದನ್ನು ಓಡಿಸುತ್ತವೆ. ಕೆಲವು ಆ ಹೆಸರು ಒಪ್ಪಿದ ಪಟ್ಟಿಯಲ್ಲಿದೆಯೇ ಅಂತಷ್ಟೇ ನೋಡುತ್ತವೆ. ಇನ್ನು ಕೆಲವು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ದೂರು ಬಂದ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಕೆಲಸ ಮಾಡುತ್ತಿರುವ ಪ್ರೋಗ್ರಾಂ 7ನೇ ಫೀಲ್ಡನ್ನು ಏನು ಮಾಡುತ್ತದೆ? ಕೆಳಗೆ ಬರುವ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ.

ಇಲ್ಲಿನ ಉದಾಹರಣೆಗಳು ಲಿನಕ್ಸ್ ಮತ್ತು ಓಪನ್‌ಎಸ್‌ಎಸ್‌ಎಚ್ ಇಟ್ಟುಕೊಂಡು ಬರೆದವು. ಓಪನ್‌ಎಸ್‌ಎಸ್‌ಎಚ್ ಎಂದರೆ ದೂರದಿಂದ ಲಾಗಿನ್ ಆಗಲು ಬಳಸುವ ಸಾಫ್ಟ್‌ವೇರ್, ಸರ್ವರ್ ಕಡೆ ಓಡುವ ಅದರ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿ. ಬಿಎಸ್‌ಡಿ ಕುಟುಂಬದ ಯುನಿಕ್ಸ್‌ಗಳಲ್ಲಿ ಫೈಲ್‌ಗಳ ಜಾಗ ಸ್ವಲ್ಪ ಬೇರೆ ಇರುತ್ತದೆ. ಯೋಚನೆ ಮಾಡುವ ಕ್ರಮ ಅದೇ.

ಮುಟ್ಟುವ ಮೊದಲು

ಎಲ್ಲ ಅಧಿಕಾರ ಇರುವ ರೂಟ್ ಅಕೌಂಟ್‌ನಲ್ಲಿ ಒಂದು ಸೆಷನ್ ತೆರೆದಿಟ್ಟುಕೊಳ್ಳಿ. ಕೆಲಸ ಮುಗಿಯುವ ತನಕ ಅದನ್ನು ಮುಚ್ಚಬೇಡಿ. ಪರೀಕ್ಷೆ ಮಾಡುವುದೆಲ್ಲ ಇನ್ನೊಂದು ಟರ್ಮಿನಲ್‌ನಿಂದ ನಡೆಯಲಿ. ನಿಮ್ಮನ್ನೇ ಹೊರಗೆ ಹಾಕಿಕೊಂಡರೆ ಆಮೇಲೆ ಕನ್ಸೋಲ್ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮುಂದಿನದು ಸಿಸ್ಟಮ್ ಈ ಯೂಸರ್‌ನ ಶೆಲ್ ಏನು ಅಂದುಕೊಂಡಿದೆ ಅಂತ ನೋಡುವುದು. ಪಾಸ್‌ಡಬ್ಲ್ಯುಡಿ ಫೈಲ್‌ನಲ್ಲಿ ಗ್ರೆಪ್ ಕಮಾಂಡ್ ಬಳಸಿ ಹುಡುಕಿದರೆ ಸಾಲದು. ಹೀಗೆ ಕೇಳಿ:

ಗೆಟೆಂಟ್ ಪಾಸ್‌ಡಬ್ಲ್ಯುಡಿ ಅಪ್‌ಲೋಡ್

ಇಲ್ಲಿ 'ಅಪ್‌ಲೋಡ್' ಅನ್ನುವುದು ಯೂಸರ್ ಹೆಸರು. ಗೆಟೆಂಟ್ ಉತ್ತರವೂ ಫೈಲ್‌ನಲ್ಲಿರುವ ಸಾಲೂ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಯೂಸರ್ ಮಾಹಿತಿ, ಎಲ್ಲ ಸರ್ವರ್‌ಗಳ ಯೂಸರ್‌ಗಳನ್ನು ಒಂದೇ ಕಡೆ ಇಡುವ ಎಲ್‌ಡ್ಯಾಪ್ ಡೈರೆಕ್ಟರಿಯಿಂದಲೋ ಇನ್ನೆಲ್ಲಿಂದಲೋ ಬರುತ್ತಿದೆ, ಇಲ್ಲವೇ ಹಳೆಯ ಉತ್ತರ ಕ್ಯಾಶ್‌ನಲ್ಲಿ ಕೂತಿದೆ. ಅಂಥ ಮಾಹಿತಿಯನ್ನು ತಂದು ಇಟ್ಟುಕೊಳ್ಳುವ ಎಸ್‌ಎಸ್‌ಎಸ್‌ಡಿ ಇರುವ ಕಡೆ ಒಂದು ಎಂಟ್ರಿ ಡೀಫಾಲ್ಟ್ ಆಗಿ 5400 ಸೆಕೆಂಡ್, ಎಂದರೆ ಒಂದೂವರೆ ಗಂಟೆ ಕ್ಯಾಶ್‌ನಲ್ಲಿ ಉಳಿಯುತ್ತದೆ. ಡೈರೆಕ್ಟರಿಯಲ್ಲಿ ಶೆಲ್ ಬದಲಾಯಿಸಿದರೂ ಸರ್ವರ್ ಅಷ್ಟು ಹೊತ್ತು ಹಳೆಯದನ್ನೇ ಹೇಳಬಹುದು. ಎಸ್‌ಎಸ್‌ಎಸ್_ಕ್ಯಾಶ್ -ಯು ಕೊಟ್ಟು ಆ ಯೂಸರ್‌ನ ಎಂಟ್ರಿಯನ್ನು ಹಳತು ಮಾಡಿ, ಮತ್ತೆ ಕೇಳಿ. ಆಮೇಲೂ ಬೇರೆ ಶೆಲ್ ಕಾಣಿಸಿದರೆ ಎಸ್‌ಎಸ್‌ಎಸ್‌ಡಿ ಕಾನ್ಫಿಗ್‌ನಲ್ಲಿ ಓವರ್‌ರೈಡ್_ಶೆಲ್ ಸಾಲು ಇದೆಯೇ ನೋಡಿ. ಅದಿದ್ದರೆ ಡೈರೆಕ್ಟರಿಯಲ್ಲಿ ಏನೇ ಬರೆದರೂ ಅದರದ್ದೇ ಮಾತು ನಡೆಯುತ್ತದೆ.

7ನೇ ಫೀಲ್ಡ್ ಖಾಲಿ ಬಿಟ್ಟರೆ ಶೆಲ್ ಇಲ್ಲ ಅಂತ ಆಗುವುದಿಲ್ಲ. ಖಾಲಿ ಎಂದರೆ /ಬಿನ್/ಎಸ್‌ಎಚ್. ಕೈಯಾರೆ ಫೈಲ್ ತಿದ್ದುವವರು ಇದನ್ನು ಮರೆಯಬಾರದು. ತಿದ್ದಲೇಬೇಕು ಅಂದರೆ ವಿಪಿಡಬ್ಲ್ಯು ಬಳಸಿ, ತಿದ್ದಿದ ಮೇಲೆ ಪಿಡಬ್ಲ್ಯುಸಿಕೆ ಓಡಿಸಿ.

ಯಾವ ಹಂತದಲ್ಲಿ ಬಿತ್ತು?

ಈಗ ಲಾಗ್. ಡೆಬಿಯನ್, ಉಬುಂಟು ಕಡೆ /ವಾರ್/ಲಾಗ್/ಆಥ್.ಲಾಗ್. ರೆಡ್ ಹ್ಯಾಟ್ ಕುಟುಂಬದಲ್ಲಿ /ವಾರ್/ಲಾಗ್/ಸೆಕ್ಯೂರ್. ಫೈಲ್ ಕಾಣದಿದ್ದರೆ ಜರ್ನಲ್‌ಸಿಟಿಎಲ್. ಯೂಸರ್‌ಗೆ ಇನ್ನೊಮ್ಮೆ ಪ್ರಯತ್ನಿಸಲು ಹೇಳಿ, ಅದೇ ಹೊತ್ತಿಗೆ ಲಾಗ್ ನೋಡುತ್ತಿರಿ. ಹುಡುಕಬೇಕಾದದ್ದು ಒಂದೇ ಪದ: 'ಆಕ್ಸೆಪ್ಟೆಡ್'.

ಆಕ್ಸೆಪ್ಟೆಡ್ ಬರಲೇ ಇಲ್ಲವೇ? ಹಾಗಾದರೆ ಶೆಲ್ ಓಡುವ ಹಂತಕ್ಕೆ ವಿಷಯ ಹೋಗಿಯೇ ಇಲ್ಲ. ಆಕ್ಸೆಪ್ಟೆಡ್ ಬಂತು, 'ಸೆಷನ್ ಓಪನ್ಡ್' ಬಂತು, ಅದೇ ಸೆಕೆಂಡಿನಲ್ಲಿ 'ಸೆಷನ್ ಕ್ಲೋಸ್ಡ್' ಕೂಡ ಬಂತೇ? ಪಾಸ್‌ವರ್ಡ್, ಅದರ ಬದಲು ಬಳಸುವ ಎಸ್‌ಎಸ್‌ಎಚ್ ಕೀ ಎಲ್ಲ ಸರಿ ಇದೆ, ಆಮೇಲೆ ಓಡಬೇಕಾದ ಪ್ರೋಗ್ರಾಂ ಬಿತ್ತು. ಈ ಒಂದು ಕವಲು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ನೋಡದೆ ಸುಮ್ನೆ ಕೀ ಮೇಲೆ ಕೀ ಹಾಕಿ ನೋಡುವವರೇ ಜಾಸ್ತಿ.

ಆಕ್ಸೆಪ್ಟೆಡ್ ಬರದಿದ್ದಾಗ

ನೋಲಾಗಿನ್ ಇರುವ ಜಾಗ ಎಲ್ಲ ಕಡೆ ಒಂದೇ ಅಲ್ಲ. ಡೆಬಿಯನ್‌ನಲ್ಲಿ ಅದು /ಯುಎಸ್‌ಆರ್/ಎಸ್‌ಬಿನ್ ಒಳಗಿದೆ. ರೆಡ್ ಹ್ಯಾಟ್ ಕಡೆ /ಎಸ್‌ಬಿನ್/ನೋಲಾಗಿನ್ ಅಂತ ಬರೆಯುವ ರೂಢಿ. ಒಂದು ಕಡೆ ಬರೆದ ಸ್ಕ್ರಿಪ್ಟನ್ನು ಇನ್ನೊಂದು ಕಡೆ ಓಡಿಸಿದರೆ, ಇಲ್ಲದ ಫೈಲ್‌ನ ಹೆಸರು ಶೆಲ್ ಆಗಿ ಕೂರಬಹುದು. ಆಗ ಎಸ್‌ಎಸ್‌ಎಚ್‌ಡಿ ಪಾಸ್‌ವರ್ಡನ್ನು ಒಪ್ಪುವುದೇ ಇಲ್ಲ. ಯೂಸರ್‌ಗೆ ಕಾಣುವುದು ಬರೀ 'ಪರ್ಮಿಷನ್ ಡಿನೈಡ್'. ಅವರು ಪಾಸ್‌ವರ್ಡ್ ಮರೆತೆ ಅಂದುಕೊಳ್ಳುತ್ತಾರೆ. ನೀವು ಹೊಸ ಪಾಸ್‌ವರ್ಡ್ ಕೊಡುತ್ತೀರಿ. ಆದರೂ ಆಗುವುದಿಲ್ಲ. ಲಾಗ್‌ನಲ್ಲಿ ಮಾತ್ರ ಕಾರಣ ಸ್ಪಷ್ಟವಾಗಿ ಬಿದ್ದಿರುತ್ತದೆ: 'ನಾಟ್ ಅಲೌಡ್ ಬಿಕಾಸ್ ಶೆಲ್ ... ಡಸ್ ನಾಟ್ ಎಕ್ಸಿಸ್ಟ್'. ಫೈಲ್ ಇದ್ದು ಓಡಿಸುವ ಅನುಮತಿ ಇಲ್ಲದಿದ್ದರೆ 'ಈಸ್ ನಾಟ್ ಎಕ್ಸಿಕ್ಯೂಟಬಲ್'.

ಇದೇ ಸಂದೇಶ ಬಂದು, ಹೆಸರು ಕಣ್ಣಿಗೆ ಸರಿಯಾಗಿಯೇ ಕಂಡರೆ, ಸಾಲಿನ ಕೊನೆಯಲ್ಲಿ ಏನೋ ಅಡಗಿದೆ. ವಿಂಡೋಸ್‌ನಲ್ಲಿ ತಿದ್ದಿ ತಂದ ಯೂಸರ್ ಪಟ್ಟಿಯ ಸಾಲುಗಳ ತುದಿಯಲ್ಲಿ ಕ್ಯಾರೇಜ್ ರಿಟರ್ನ್ ಅಕ್ಷರ ಉಳಿದಿರುತ್ತದೆ. ಗೆಟೆಂಟ್ ಉತ್ತರವನ್ನು ಕ್ಯಾಟ್ -ಎ ಗೆ ಪೈಪ್ ಮಾಡಿ ನೋಡಿ, ಎ ದೊಡ್ಡಕ್ಷರದಲ್ಲಿರಲಿ. ತುದಿಯಲ್ಲಿ ಕ್ಯಾರೆಟ್ ಗುರುತಿನ ಜೊತೆ ಎಂ ಕಂಡರೆ ಕಳ್ಳ ಸಿಕ್ಕ.

ಒಂದು ವಿನಾಯಿತಿ ಇದೆ. ಆ ಯೂಸರ್‌ಗೆ ಕ್ರೂಟ್‌ಡೈರೆಕ್ಟರಿ, ಎಂದರೆ ಅದರ ಹೊರಗೆ ಏನೂ ಕಾಣದ ಹಾಗೆ ಕಟ್ಟಿಹಾಕುವ ಡೈರೆಕ್ಟರಿ, ಹಾಕಿದ್ದರೆ ಎಸ್‌ಎಸ್‌ಎಚ್‌ಡಿ ಈ ಪರೀಕ್ಷೆ ಮಾಡುವುದಿಲ್ಲ, ಏಕೆಂದರೆ ಶೆಲ್ ಇರಬೇಕಾದದ್ದು ಕ್ರೂಟ್‌ನ ಒಳಗೆ.

ಎಲ್ಲ ಯೂಸರ್‌ಗಳೂ ಒಟ್ಟಿಗೆ ಹೊರಗುಳಿದು, ರೂಟ್‌ಗೆ ಮಾತ್ರ ಪ್ರವೇಶ ಸಿಗುತ್ತಿದ್ದರೆ ಅದು ಬೇರೆ ವಿಷಯ. /ಇಟಿಸಿ/ನೋಲಾಗಿನ್ ಅಥವಾ /ರನ್/ನೋಲಾಗಿನ್ ಅನ್ನುವ ಫೈಲ್ ಇದೆಯೇ ನೋಡಿ. ಹೆಸರು ಒಂದೇ ಆದರೂ ನೋಲಾಗಿನ್ ಪ್ರೋಗ್ರಾಂಗೂ ಇದಕ್ಕೂ ಸಂಬಂಧ ಇಲ್ಲ. ಯಾರನ್ನು ಒಳಗೆ ಬಿಡಬೇಕು ಅಂತ ತೀರ್ಮಾನಿಸುವ ವ್ಯವಸ್ಥೆ ಪ್ಯಾಮ್. ಈ ಫೈಲ್ ಇದ್ದಷ್ಟು ಹೊತ್ತು ಅದರ ಭಾಗವಾದ ಪ್ಯಾಮ್_ನೋಲಾಗಿನ್ ರೂಟ್ ಬಿಟ್ಟು ಯಾರನ್ನೂ ಬಿಡುವುದಿಲ್ಲ. ಬೂಟ್ ಆಗುವಾಗ, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ತಾನೇ ಇದನ್ನು ಇಟ್ಟು ಆಮೇಲೆ ತೆಗೆಯುತ್ತದೆ. ಶಟ್‌ಡೌನ್‌ಗೆ ಸಮಯ ಗೊತ್ತು ಮಾಡಿದ್ದರೆ 5 ನಿಮಿಷ ಮೊದಲೇ ಇಡುತ್ತದೆ.

ಎಸ್‌ಎಸ್‌ಎಚ್‌ಡಿ ಸೆಟ್ಟಿಂಗ್‌ಗಳಲ್ಲಿ ಅಲೌಯೂಸರ್ಸ್ ಮತ್ತು ಅಲೌಗ್ರೂಪ್ಸ್ ಎರಡನ್ನೂ ಬರೆದಿದ್ದರೆ ಯೂಸರ್ ಎರಡರಲ್ಲೂ ಇರಬೇಕು. ಒಂದರಲ್ಲಿ ಇದ್ದರೆ ಸಾಕು ಅಂತ ಅಂದುಕೊಂಡು ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ.

ಎಫ್‌ಟಿಪಿ ಕಡೆ '530 ಲಾಗಿನ್ ಇನ್‌ಕರೆಕ್ಟ್' ಬರುತ್ತಿದ್ದರೆ, ಆ ಸರ್ವಿಸ್‌ನ ಪ್ಯಾಮ್ ಫೈಲ್‌ನಲ್ಲಿ ಪ್ಯಾಮ್_ಶೆಲ್ಸ್ ಸಾಲು ಹುಡುಕಿ. ಯೂಸರ್‌ನ ಶೆಲ್ /ಇಟಿಸಿ/ಶೆಲ್ಸ್ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಬಿಡುವುದಿಲ್ಲ. ಆ ಪಟ್ಟಿಗೆ ನೋಲಾಗಿನ್ ಸೇರಿಸಿ ಅನ್ನುವ ಸಲಹೆ ತುಂಬ ಕಡೆ ಕೇಳುತ್ತೀರಿ. ಅದು ಕೆಲಸ ಮಾಡುತ್ತದೆ. ಆದರೂ ನಾನು ಬೇಡ ಅನ್ನುತ್ತೇನೆ. ಪಟ್ಟಿಗೆ ಸೇರಿದ ಕೂಡಲೇ ಆ ಪಟ್ಟಿಯನ್ನು ನಂಬುವ ಎಲ್ಲ ಪ್ರೋಗ್ರಾಂಗಳಿಗೂ ಇಂಥ ಅಕೌಂಟ್‌ಗಳು ಮಾಮೂಲಿ ಅಕೌಂಟ್‌ಗಳಾಗುತ್ತವೆ. ಒಂದು ಉದಾಹರಣೆ ಸಾಕು. ಸಾಮಾನ್ಯ ಯೂಸರ್ ಒಬ್ಬರು, ಬೇರೆ ಅಕೌಂಟ್‌ಗೆ ಹೋಗುವ ಎಸ್‌ಯು ಕಮಾಂಡಿಗೆ -ಎಸ್ ಕೊಟ್ಟು ಬೇರೆ ಶೆಲ್ ಕೇಳಿದಾಗ, ಗುರಿ ಅಕೌಂಟ್‌ನ ಶೆಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಎಸ್‌ಯು ಆ ಕೋರಿಕೆಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನೋಲಾಗಿನ್ ಪಟ್ಟಿಗೆ ಬಂದರೆ ಆ ತಡೆ ಹೋಯಿತು. ಪಾಸ್‌ವರ್ಡ್ ಗೊತ್ತಿದ್ದವರು ಬ್ಯಾಶ್, ಎಂದರೆ ಪೂರ್ತಿ ಶೆಲ್, ಪಡೆದುಬಿಡುತ್ತಾರೆ. ಎಫ್‌ಟಿಪಿ ಒಂದಕ್ಕೇ ಬೇಕಿದ್ದರೆ, ಆ ಒಂದು ಸರ್ವಿಸ್‌ನ ಪ್ಯಾಮ್ ಫೈಲ್‌ನಿಂದ ಪ್ಯಾಮ್_ಶೆಲ್ಸ್ ಸಾಲು ತೆಗೆಯುವುದು ಮೇಲು.

ಆಕ್ಸೆಪ್ಟೆಡ್ ಬಂದು ತಕ್ಷಣ ಬಿದ್ದಾಗ

ಎಸ್‌ಎಸ್‌ಎಚ್‌ಡಿ ಯಾವ ಕಮಾಂಡನ್ನೂ ನೇರವಾಗಿ ಓಡಿಸುವುದಿಲ್ಲ. ಯೂಸರ್‌ನ ಶೆಲ್ ಕರೆದು, -ಸಿ ಹಾಕಿ, ಕಮಾಂಡನ್ನು ಅದರ ಕೈಗೆ ಕೊಡುತ್ತದೆ. ಫೈಲ್ ಸಾಗಿಸುವ ಆರ್‌ಸಿಂಕ್, ಗಿಟ್, ಹಳೆಯ ರೀತಿಯ ಎಸ್‌ಸಿಪಿ ಎಲ್ಲದಕ್ಕೂ ಇದೇ ದಾರಿ. ಎಸ್‌ಎಫ್‌ಟಿಪಿ-ಸರ್ವರ್ ಅನ್ನುವ ಬೇರೆ ಪ್ರೋಗ್ರಾಂ ಬಳಸುವ ಎಸ್‌ಎಫ್‌ಟಿಪಿಗೂ ಇದೇ. ಶೆಲ್ ಜಾಗದಲ್ಲಿ ನೋಲಾಗಿನ್ ಇದ್ದರೆ ಅದು ಕಮಾಂಡನ್ನು ನೋಡುವುದೇ ಇಲ್ಲ. 'ದಿಸ್ ಅಕೌಂಟ್ ಈಸ್ ಕರೆಂಟ್ಲಿ ನಾಟ್ ಅವೈಲಬಲ್' ಅಂತ ಬರೆದು ಹೊರಡುತ್ತದೆ.

ಆ ವಾಕ್ಯ ಎಸ್‌ಎಫ್‌ಟಿಪಿ ಕ್ಲೈಂಟ್‌ಗೆ ಹೇಗೆ ಕಾಣುತ್ತದೆ ಗೊತ್ತೇ? 'ರಿಸೀವ್ಡ್ ಮೆಸೇಜ್ ಟೂ ಲಾಂಗ್ 1416128883'. ಈ ಸಂಖ್ಯೆ ನೋಡಿ ಫೈಲ್ ದೊಡ್ಡದಾಯಿತು ಅಂತ ಯೋಚಿಸುವವರಿದ್ದಾರೆ. ನಿಜ ಹೀಗಿದೆ. ಎಸ್‌ಎಫ್‌ಟಿಪಿ ಪ್ರೋಟೋಕಾಲ್‌ನಲ್ಲಿ ಪ್ರತಿ ಸಂದೇಶದ ಮೊದಲ 4 ಬೈಟ್‌ಗಳು ಅದರ ಉದ್ದ. ಕ್ಲೈಂಟ್ ಉದ್ದ ಓದಲು ಹೋಗಿ 'ದಿಸ್' ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಓದಿತು. ಹೆಕ್ಸ್‌ನಲ್ಲಿ ಅವು 54, 68, 69, 73. ಒಟ್ಟಿಗೆ ಸೇರಿಸಿ ದಶಮಾನಕ್ಕೆ ತಂದರೆ 1416128883. ಅಂದಮೇಲೆ ಈ ಸಂಖ್ಯೆ ಕಂಡ ಕೂಡಲೇ, ಹೆಚ್ಚಾಗಿ ನೋಲಾಗಿನ್ ಮಾತಾಡಿದೆ ಅಂತ ಅನುಮಾನಿಸಬಹುದು.

ಬೇರೆ ಸಂಖ್ಯೆ ಬಂದರೆ ಅದನ್ನೂ ಹೀಗೇ ಬಿಡಿಸಿ. 1466264675 ಬಂತು ಅನ್ನಿ. ಹೆಕ್ಸ್‌ಗೆ ತಿರುಗಿಸಿದರೆ 57, 65, 6ಸಿ, 63. ಅದು 'ವೆಲ್‌ಕಮ್' ಪದದ ಮೊದಲ ನಾಲ್ಕು ಅಕ್ಷರ. ಎಂದರೆ ಇಲ್ಲಿ ಶೆಲ್ ಸರಿಯಾಗಿಯೇ ಇದೆ. ಯಾರೋ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಎಕೋ ಹಾಕಿ ಸ್ವಾಗತ ಬರೆದಿದ್ದಾರೆ. ಆ ಸಾಲನ್ನು ತೆಗೆಯಿರಿ, ಇಲ್ಲವೇ ಇಂಟರ್‌ಆಕ್ಟಿವ್ ಸೆಷನ್‌ಗೆ ಮಾತ್ರ ಬರುವ ಹಾಗೆ ಮಾಡಿ.

ಆರ್‌ಸಿಂಕ್ ಇದೇ ಕಾಯಿಲೆಯನ್ನು 'ಪ್ರೋಟೋಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್?' ಅಂತ ಹೇಳುತ್ತದೆ. ವರ್ಷನ್ ಬದಲಾಯಿಸಲು ಹೊರಡಬೇಡಿ. ಶೆಲ್ ಜಾಗದಲ್ಲಿ /ಬಿನ್/ಫಾಲ್ಸ್ ಇದ್ದರೆ ಇಷ್ಟು ಸುಳಿವೂ ಸಿಗುವುದಿಲ್ಲ. ಅದು ಏನೂ ಬರೆಯದೆ ಹೊರಡುತ್ತದೆ, ಕ್ಲೈಂಟ್ 'ಕನೆಕ್ಷನ್ ಕ್ಲೋಸ್ಡ್' ಅನ್ನುತ್ತದೆ, ಅಷ್ಟೇ. ನಾನು ಫಾಲ್ಸ್ ಬದಲು ನೋಲಾಗಿನ್ ಇಡಿ ಅನ್ನುವುದು ಇದಕ್ಕಾಗಿಯೇ. ತಪ್ಪಾದಾಗ ಅದು ಬಾಯಿ ಬಿಡುತ್ತದೆ.

ಹಾಗಾದರೆ ಶೆಲ್ ಇಲ್ಲದೆ ಎಸ್‌ಎಫ್‌ಟಿಪಿ ಕೊಡುವುದು ಹೇಗೆ? ಓಪನ್‌ಎಸ್‌ಎಸ್‌ಎಚ್‌ನಲ್ಲಿ 2008ರಿಂದಲೇ ಇಂಟರ್ನಲ್-ಎಸ್‌ಎಫ್‌ಟಿಪಿ ಇದೆ. ಅದು ಎಸ್‌ಎಸ್‌ಎಚ್‌ಡಿಯ ಒಳಗೇ ಓಡುತ್ತದೆ, ಶೆಲ್ಲನ್ನು ಕರೆಯುವುದಿಲ್ಲ. 7ನೇ ಫೀಲ್ಡ್‌ನಲ್ಲಿ ನೋಲಾಗಿನ್ ಇದ್ದರೂ ಅದಕ್ಕೆ ತೊಂದರೆ ಇಲ್ಲ. ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ಫೈಲ್‌ನ ಕೊನೆಯಲ್ಲಿ ಹೀಗೆ ಬರುತ್ತದೆ:

ಮ್ಯಾಚ್ ಗ್ರೂಪ್ ಫೈಲ್‌ಮಾತ್ರ
ಫೋರ್ಸ್‌ಕಮಾಂಡ್ ಇಂಟರ್ನಲ್-ಎಸ್‌ಎಫ್‌ಟಿಪಿ
ಕ್ರೂಟ್‌ಡೈರೆಕ್ಟರಿ /ಎಸ್‌ಆರ್‌ವಿ/ಫೈಲ್/%ಯು
ಡಿಸೇಬಲ್‌ಫಾರ್ವರ್ಡಿಂಗ್ ಯೆಸ್

ಇಲ್ಲಿ 'ಫೈಲ್‌ಮಾತ್ರ' ಅನ್ನುವುದು ಯೂಸರ್ ಗುಂಪಿನ ಹೆಸರು, %ಯು ಜಾಗದಲ್ಲಿ ಯೂಸರ್ ಹೆಸರು ಬರುತ್ತದೆ. ಈ ಗುಂಪಿನವರು ಮಾಮೂಲಿ ಎಸ್‌ಎಸ್‌ಎಚ್ ಮಾಡಿದರೆ 'ದಿಸ್ ಸರ್ವಿಸ್ ಅಲೌಸ್ ಎಸ್‌ಎಫ್‌ಟಿಪಿ ಕನೆಕ್ಷನ್ಸ್ ಓನ್ಲಿ' ಅನ್ನುವ ಸಂದೇಶ ಬರಬೇಕು. ಅದು ಬಂದರೆ ಈ ಮ್ಯಾಚ್ ಬ್ಲಾಕ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಎಸ್‌ಸಿಪಿ ವಿಷಯದಲ್ಲಿ ಒಂದು ಗೊಂದಲ ಇದೆ: ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. 2022ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.0 ರಿಂದ ಎಸ್‌ಸಿಪಿ ಒಳಗೊಳಗೇ ಎಸ್‌ಎಫ್‌ಟಿಪಿ ಪ್ರೋಟೋಕಾಲ್ ಬಳಸುತ್ತದೆ, ಹಾಗಾಗಿ ನಡೆಯುತ್ತದೆ. ಹಳೆಯ ಕ್ಲೈಂಟ್ ಹಳೆಯ ದಾರಿ ಹಿಡಿಯುತ್ತದೆ, ಬೀಳುತ್ತದೆ. ಸರ್ವರ್‌ನಲ್ಲಿ ತಪ್ಪೇನೂ ಇಲ್ಲ. ಹಳೆಯ ಕ್ಲೈಂಟ್ ಇರುವವರು ಎಸ್‌ಎಫ್‌ಟಿಪಿ ಕಮಾಂಡನ್ನೇ ಬಳಸಲಿ.

ಕ್ರೂಟ್ ಹಾಕಿದ ಮೇಲೆ ಬರುವ ಅತಿ ಸಾಮಾನ್ಯ ದೂರು, ಪಾಸ್‌ವರ್ಡ್ ಒಪ್ಪಿ ಕೂಡಲೇ ಕನೆಕ್ಷನ್ ಕಡಿಯುವುದು. ಕ್ಲೈಂಟ್ ಕಡೆ 'ಬ್ರೋಕನ್ ಪೈಪ್' ಕಾಣಬಹುದು. ಸರ್ವರ್ ಲಾಗ್‌ನಲ್ಲಿ 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಫಾರ್ ಕ್ರೂಟ್ ಡೈರೆಕ್ಟರಿ' ಇರುತ್ತದೆ. ನಿಯಮ ಗಟ್ಟಿ. ಸ್ಲ್ಯಾಶ್‌ನಿಂದ ಹಿಡಿದು ಕ್ರೂಟ್ ಡೈರೆಕ್ಟರಿ ತನಕ ದಾರಿಯಲ್ಲಿರುವ ಪ್ರತಿಯೊಂದು ಡೈರೆಕ್ಟರಿಯೂ ರೂಟ್‌ನದಾಗಿರಬೇಕು, ಗುಂಪಿನವರಿಗಾಗಲಿ ಬೇರೆಯವರಿಗಾಗಲಿ ಬರೆಯುವ ಅನುಮತಿ ಇರಬಾರದು. ನೇಮ್‌ಐ -ಎಲ್ ಕಮಾಂಡಿಗೆ ಪೂರ್ತಿ ದಾರಿ ಕೊಟ್ಟರೆ ಪ್ರತಿ ಮೆಟ್ಟಿಲಿನ ಮಾಲೀಕ, ಅನುಮತಿ ಎಲ್ಲ ಒಟ್ಟಿಗೆ ಕಾಣುತ್ತದೆ. ತಪ್ಪಿದ ಮೆಟ್ಟಿಲಿಗೆ ಚೋನ್ ರೂಟ್, ಚ್‌ಮಾಡ್ 755.

ಇಷ್ಟು ಮಾಡಿದ ಮೇಲೆ ಯೂಸರ್ ಒಳಗೆ ಬರುತ್ತಾರೆ, ಆದರೆ ಫೈಲ್ ಹಾಕಲು ಆಗುವುದಿಲ್ಲ. ಆಗಲೇಬಾರದು, ಡೈರೆಕ್ಟರಿ ರೂಟ್‌ನದಲ್ವಾ? ಒಳಗೆ ಇನ್ನೊಂದು ಡೈರೆಕ್ಟರಿ ಮಾಡಿ, ಅದನ್ನು ಯೂಸರ್ ಹೆಸರಿಗೆ ಕೊಡಿ. ಇಲ್ಲಿ ಸಿಟ್ಟಿನಲ್ಲಿ 777 ಕೊಟ್ಟರೆ ಮತ್ತೆ ಮೊದಲ ದೋಷಕ್ಕೇ ಬಂದು ನಿಲ್ಲುತ್ತೀರಿ.

ಮುಚ್ಚಿದ್ದೇವೆ, ಆದರೂ ನಡೆಯುತ್ತಿದೆ

ಇದು ಎರಡನೇ ಬಗೆಯ ದೂರು. ಇಲ್ಲಿ ಅವಸರ ಬೇಡ. ಒಂದೊಂದು ದಾರಿಯನ್ನೂ ಬೇರೆ ಬೇರೆಯಾಗಿ ನೋಡಿ.

ಶೆಲ್ ಬದಲಾಯಿಸಿದರೆ ಆಗಲೇ ತೆರೆದಿರುವ ಸೆಷನ್‌ಗೆ ಏನೂ ಆಗುವುದಿಲ್ಲ. 7ನೇ ಫೀಲ್ಡ್ ಓದುವುದು ಲಾಗಿನ್ ಹೊತ್ತಿನಲ್ಲಿ ಮಾತ್ರ. ಕನೆಕ್ಷನ್ ಹೋದರೂ ಸೆಷನ್ ಉಳಿಸಿಕೊಳ್ಳುವ ಟಿಮಕ್ಸ್ ನಿನ್ನೆ ತೆರೆದಿದ್ದರೆ, ಅದು ಇವತ್ತೂ ಬ್ಯಾಶ್ ಕೊಡುತ್ತದೆ. ಪಿಎಸ್ -ಯು ಕೊಟ್ಟು ಆ ಯೂಸರ್‌ನ ಪ್ರೋಸೆಸ್‌ಗಳನ್ನು ನೋಡಿ. ಯಾರು ಒಳಗಿದ್ದಾರೆ ಅಂತ ತೋರಿಸುವ ಹೂ ಕಮಾಂಡ್ ಒಂದನ್ನೇ ನಂಬಬೇಡಿ, ಟರ್ಮಿನಲ್ ಇಲ್ಲದ ಸೆಷನ್ ಅದಕ್ಕೆ ಕಾಣುವುದಿಲ್ಲ. ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್, ಇಲ್ಲವೇ ಪಿಕಿಲ್ -ಯು ಬಳಸಿ ತೆಗೆಯಿರಿ. ತೆಗೆಯುವ ಮೊದಲು ಅಲ್ಲಿ ಓಡುತ್ತಿರುವುದು ಯಾರಿಗಾದರೂ ಬೇಕಾದ ಕೆಲಸವೇ ಅಂತ ನೋಡಿಕೊಳ್ಳಿ.

ಪಾಸ್‌ವರ್ಡ್ ಲಾಕ್ ಮಾಡಿದರೆ ಅಕೌಂಟ್ ಲಾಕ್ ಆಯಿತು ಅನ್ನುವುದು ತಪ್ಪು ತಿಳಿವಳಿಕೆ. ಪಾಸ್‌ಡಬ್ಲ್ಯುಡಿ -ಎಲ್ ಕಮಾಂಡ್ ಶಾಡೋ ಫೈಲ್‌ನಲ್ಲಿ ಗುಪ್ತರೂಪದಲ್ಲಿರುವ ಪಾಸ್‌ವರ್ಡ್, ಎಂದರೆ ಹ್ಯಾಶ್, ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ. ಪಾಸ್‌ವರ್ಡ್ ಹೊಂದುವುದಿಲ್ಲ, ನಿಜ. ಎಸ್‌ಎಸ್‌ಎಚ್ ಕೀ ಇದ್ದವರು ಪಾಸ್‌ವರ್ಡ್ ತಂಟೆಗೇ ಹೋಗುವುದಿಲ್ಲವಲ್ಲ. ಯೂಸ್‌ಪ್ಯಾಮ್ ಯೆಸ್ ಇರುವ ಸರ್ವರ್‌ಗಳಲ್ಲಿ, ಲಿನಕ್ಸ್‌ನಲ್ಲಿ ಹೆಚ್ಚಿನವು ಹಾಗೇ ಇರುತ್ತವೆ, ಕೀ ಲಾಗಿನ್ ಆರಾಮಾಗಿ ನಡೆಯುತ್ತದೆ. ಅಕೌಂಟ್ ಪೂರ್ತಿ ನಿಲ್ಲಬೇಕಾದರೆ ಅವಧಿ ಮುಗಿಸಿ:

ಚೇಜ್ -ಇ 0 ಅಪ್‌ಲೋಡ್

ಇ ದೊಡ್ಡಕ್ಷರ. ಇದನ್ನು ಪ್ಯಾಮ್‌ನ ಅಕೌಂಟ್ ಹಂತ ನೋಡುತ್ತದೆ. ಪಾಸ್‌ವರ್ಡ್ ಇರಲಿ, ಕೀ ಇರಲಿ, ಎರಡೂ ನಿಲ್ಲುತ್ತವೆ. ಕೀಗಳು ಎಲ್ಲಿವೆ ಅಂತಲೂ ನೋಡಿ. ಆಥರೈಸ್ಡ್‌ಕೀಸ್‌ಫೈಲ್ ಸೆಟ್ಟಿಂಗ್ ಹೋಮ್ ಡೈರೆಕ್ಟರಿಯಿಂದ ಬೇರೆ ಕಡೆಗೆ ತೋರಿಸುತ್ತಿರಬಹುದು.

ಪೋರ್ಟ್ ಫಾರ್ವರ್ಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೋಲಾಗಿನ್ ಹಾಕಿದ ಎಷ್ಟೋ ಸರ್ವರ್‌ಗಳಲ್ಲಿ ಈ ದಾರಿ ತೆರೆದೇ ಇರುತ್ತದೆ. ಎಸ್‌ಎಸ್‌ಎಚ್ ಕಮಾಂಡಿಗೆ ದೊಡ್ಡ ಎನ್ ಹಾಕಿದರೆ ಕ್ಲೈಂಟ್ ಶೆಲ್ ಕೇಳುವುದಿಲ್ಲ. ಕೇಳದಿದ್ದರೆ ಎಸ್‌ಎಸ್‌ಎಚ್‌ಡಿ ನೋಲಾಗಿನ್ ಓಡಿಸುವುದಿಲ್ಲ. ಕನೆಕ್ಷನ್ ಹಾಗೇ ನಿಂತಿರುತ್ತದೆ, ಅದರ ಮೂಲಕ ಒಳಗಿನ ನೆಟ್‌ವರ್ಕ್‌ಗೆ ಸುರಂಗ ತೋಡಬಹುದು. ಸರ್ವರ್‌ನ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿಗೊಡುವ ಡೇಟಾಬೇಸ್ ಇದ್ದರೆ, ಅದೂ ಹೊರಗಿನವರ ಕೈಗೆ ಸಿಗುತ್ತದೆ. ಲಾಗ್‌ನಲ್ಲಿ ಇದರ ಗುರುತು: ಆಕ್ಸೆಪ್ಟೆಡ್ ಇದೆ, ಸೆಷನ್ ಕ್ಲೋಸ್ಡ್ ಗಂಟೆಗಟ್ಟಲೆ ಬಂದಿಲ್ಲ, ಆದರೆ ಆ ಯೂಸರ್ ಹೆಸರಿನಲ್ಲಿ ಎಸ್‌ಎಸ್‌ಎಚ್‌ಡಿ ಇದ್ದರೂ ಶೆಲ್ಲಾಗಲಿ ಬೇರೆ ಕಮಾಂಡಾಗಲಿ ಓಡುತ್ತಿಲ್ಲ. ಪರೀಕ್ಷೆ ಮಾಡಲು ನೀವೇ ಹೊರಗಿನಿಂದ ಆ ಅಕೌಂಟ್‌ನಲ್ಲಿ ದೊಡ್ಡ ಎನ್, ದೊಡ್ಡ ಎಲ್ ಹಾಕಿ ಸರ್ವರ್‌ನ ಒಂದು ಪೋರ್ಟ್‌ಗೆ ಹೋಗಿ ನೋಡಿ. ಹೋಯಿತು ಅಂದರೆ ಬಾಗಿಲು ತೆರೆದಿದೆ.

ಪರಿಹಾರ ಮೇಲೆ ಬರೆದ ಡಿಸೇಬಲ್‌ಫಾರ್ವರ್ಡಿಂಗ್. ಅದು ಓಪನ್‌ಎಸ್‌ಎಸ್‌ಎಚ್ 7.4 ರಿಂದ ಇದೆ. ಆದರೆ 10.0 ಬರುವ ತನಕ ಅದರಲ್ಲಿ ಒಂದು ದೋಷ ಇತ್ತು: ಗ್ರಾಫಿಕಲ್ ವಿಂಡೋಗಳ ಎಕ್ಸ್11 ಮತ್ತು ಕೀಗಳ ಏಜೆಂಟ್ ಫಾರ್ವರ್ಡಿಂಗ್ ಎರಡನ್ನೂ ಅದು ನಿಲ್ಲಿಸುತ್ತಿರಲಿಲ್ಲ. ಹಾಗಾಗಿ ಎಕ್ಸ್11ಫಾರ್ವರ್ಡಿಂಗ್ ನೋ, ಅಲೌಏಜೆಂಟ್‌ಫಾರ್ವರ್ಡಿಂಗ್ ನೋ ಅನ್ನುವ ಎರಡು ಸಾಲುಗಳನ್ನೂ ಬರೆದೇ ಬಿಡಿ.

ಗೊತ್ತು ಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಕೂಡ 7ನೇ ಫೀಲ್ಡ್ ಓದುವುದಿಲ್ಲ. ಅದು /ಬಿನ್/ಎಸ್‌ಎಚ್ ಬಳಸುತ್ತದೆ. ಯೂಸರ್ ಮೊದಲೇ ಹಾಕಿಟ್ಟ ಕ್ರಾನ್‌ಟ್ಯಾಬ್ ನೋಲಾಗಿನ್ ಆದ ಮೇಲೂ ಓಡುತ್ತಲೇ ಇರುತ್ತದೆ. ಕ್ರಾನ್‌ಟ್ಯಾಬ್ -ಎಲ್ -ಯು ಕೊಟ್ಟು ನೋಡಿ. ಅಕೌಂಟ್ ಅವಧಿ ಮುಗಿಸಿದರೆ ಪ್ಯಾಮ್ ಬಳಸುವ ಕ್ರಾನ್ ಅದನ್ನು ಗೌರವಿಸಿ ನಿಲ್ಲಿಸುತ್ತದೆ. ಸಿಸ್ಟಮ್‌ಡಿಯಲ್ಲಿ ಆ ಯೂಸರ್‌ಗೆ ಲಿಂಗರ್ ಹಾಕಿದ್ದರೆ, ಅವರ ಟೈಮರ್‌ಗಳು ಲಾಗಿನ್ ಇಲ್ಲದೆಯೇ ಓಡುತ್ತವೆ. ಲಾಗಿನ್‌ಸಿಟಿಎಲ್ ಡಿಸೇಬಲ್-ಲಿಂಗರ್ ಅದಕ್ಕೆ ಮದ್ದು.

ಬೇರೆ ಅಕೌಂಟ್ ಹೆಸರಿನಲ್ಲಿ ಕಮಾಂಡ್ ಓಡಿಸುವ ಸುಡೋ ಅನುಮತಿ ಇರುವವರು ಸುಡೋ -ಯು ಅಪ್‌ಲೋಡ್ -ಎಸ್ ಕೊಟ್ಟರೆ ಸಿಗುವುದು ಅವರದೇ ಶೆಲ್, ಅಪ್‌ಲೋಡ್ ಅಕೌಂಟ್‌ನದಲ್ಲ. ಹಾಗಾಗಿ ನೋಲಾಗಿನ್ ಅಡ್ಡ ಬರುವುದಿಲ್ಲ. ಅದೇ -ಐ ಕೊಟ್ಟರೆ ಗುರಿ ಅಕೌಂಟ್‌ನ ಶೆಲ್ ಓಡುತ್ತದೆ, ನೋಲಾಗಿನ್ ಸಂದೇಶ ಬರುತ್ತದೆ. ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ ಅನ್ನುವ ದೂರು ಬಂದರೆ ಇಬ್ಬರೂ ಯಾವ ಆಪ್ಷನ್ ಕೊಟ್ಟರು ಅಂತ ಕೇಳಿ.

ಆರ್‌ಬ್ಯಾಶ್ ಬಳಸಿದ್ದರೆ

ಶೆಲ್ ಬೇಕು, ಆದರೆ ಕೆಲವೇ ಕಮಾಂಡ್ ಸಾಕು ಅಂತ ಬ್ಯಾಶ್‌ನ ನಿರ್ಬಂಧಿತ ರೂಪವಾದ ಆರ್‌ಬ್ಯಾಶ್ ಕೊಡುತ್ತಾರೆ. ಅದರಲ್ಲಿ ಡೈರೆಕ್ಟರಿ ಬದಲಾಯಿಸುವ ಸಿಡಿ ಇಲ್ಲ, ಪಾಥ್, ಎಂದರೆ ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ, ಬದಲಾಯಿಸುವ ಹಾಗಿಲ್ಲ, ಸ್ಲ್ಯಾಶ್ ಇರುವ ಕಮಾಂಡ್ ಹೆಸರು ಕೊಡುವ ಹಾಗಿಲ್ಲ, ಔಟ್‌ಪುಟ್ಟನ್ನು ಫೈಲ್‌ಗೆ ತಿರುಗಿಸುವ ಹಾಗಿಲ್ಲ. ಕೇಳಲು ಗಟ್ಟಿ. ದೂರು ಮಾತ್ರ ಯಾವಾಗಲೂ ಒಂದೇ: ಯೂಸರ್ ಪೂರ್ತಿ ಬ್ಯಾಶ್‌ನಲ್ಲಿದ್ದಾರೆ, ಹೇಗೆ?

ಮೊದಲು ಇದನ್ನು ಓಡಿಸಿ ನೋಡಿ:

ಎಸ್‌ಎಸ್‌ಎಚ್ -ಟಿ ಯೂಸರ್@ಸರ್ವರ್ ಬ್ಯಾಶ್

ಹೆಚ್ಚಿನವರು ಪಾಥ್‌ನ್ನು ಬ್ಯಾಶ್_ಪ್ರೊಫೈಲ್ ಫೈಲ್‌ನಲ್ಲಿ ಕಟ್ಟಿಹಾಕಿರುತ್ತಾರೆ. ಎಸ್‌ಎಸ್‌ಎಚ್ ಜೊತೆಗೇ ಕಮಾಂಡ್ ಕೊಟ್ಟಾಗ ಅದು ಲಾಗಿನ್ ಶೆಲ್ ಆಗಿ ಓಡುವುದಿಲ್ಲ, ಆ ಫೈಲ್ ಓದುವುದೇ ಇಲ್ಲ. ಎಸ್‌ಎಸ್‌ಎಚ್‌ಡಿ ಕೊಟ್ಟ ಮಾಮೂಲಿ ಪಾಥ್ ಉಳಿಯುತ್ತದೆ. ಬ್ಯಾಶ್ ಅನ್ನುವ ಹೆಸರಿನಲ್ಲಿ ಸ್ಲ್ಯಾಶ್ ಇಲ್ಲ, ಹಾಗಾಗಿ ಆರ್‌ಬ್ಯಾಶ್ ಒಪ್ಪುತ್ತದೆ. ಎರಡೇ ಸೆಕೆಂಡಿನಲ್ಲಿ ಪೂರ್ತಿ ಬ್ಯಾಶ್. ತಡೆಯಲು ಮ್ಯಾಚ್ ಬ್ಲಾಕ್‌ನಲ್ಲಿ ಫೋರ್ಸ್‌ಕಮಾಂಡ್ ಆಗಿ ಆರ್‌ಬ್ಯಾಶ್ -ಎಲ್ ಹಾಕಿ.

ಎರಡನೇ ದಾರಿ ಹೋಮ್ ಡೈರೆಕ್ಟರಿ. ಬ್ಯಾಶ್_ಪ್ರೊಫೈಲ್ ಫೈಲನ್ನು ರೂಟ್ ಹೆಸರಿಗೆ ಮಾಡಿದರೆ ಸಾಲದು. ಡೈರೆಕ್ಟರಿ ಯೂಸರ್‌ನದಾಗಿದ್ದರೆ ಅವರು ಆ ಫೈಲನ್ನು ಅಳಿಸಿ ತಮ್ಮದನ್ನು ಇಡಬಹುದು. ಯುನಿಕ್ಸ್‌ನಲ್ಲಿ ಫೈಲ್ ಅಳಿಸಲು ಬೇಕಾಗುವುದು ಡೈರೆಕ್ಟರಿಗೆ ಬರೆಯುವ ಅನುಮತಿ. ಆರ್‌ಬ್ಯಾಶ್ ನಿರ್ಬಂಧ ಜಾರಿಗೆ ಬರುವುದು ಈ ಫೈಲ್‌ಗಳನ್ನು ಓದಿದ ಮೇಲೆ. ಅಷ್ಟರಲ್ಲಿ ಪಾಥ್ ಬದಲಾಗಿರುತ್ತದೆ. ಎಸ್‌ಎಫ್‌ಟಿಪಿ ತೆರೆದಿದ್ದರೆ ಈ ಕೆಲಸ ಇನ್ನೂ ಸಲೀಸು. ಹೋಮ್ ಡೈರೆಕ್ಟರಿಯನ್ನೇ ರೂಟ್ ಹೆಸರಿಗೆ ಮಾಡಿ.

ಮೂರನೆಯದು ಒಳಗೆ ಬಿಟ್ಟಿರುವ ಕಮಾಂಡ್‌ಗಳು. ವಿಐ, ಲೆಸ್, ಮ್ಯಾನ್, ಫೈಂಡ್, ಆಕ್, ಪೈಥಾನ್, ಇವೆಲ್ಲ ಒಳಗಿನಿಂದ ಬೇರೆ ಪ್ರೋಗ್ರಾಂ ಓಡಿಸಬಲ್ಲವು. ಒಂದಿದ್ದರೂ ಸಾಕು, ಗೋಡೆ ಇಲ್ಲ. ಚ್‌ಎಸ್‌ಎಚ್ ಕೂಡ ಕೈಗೆ ಸಿಗದಿರಲಿ. ಡೆಬಿಯನ್‌ನ /ಇಟಿಸಿ/ಶೆಲ್ಸ್ ಪಟ್ಟಿಯಲ್ಲಿ ಆರ್‌ಬ್ಯಾಶ್ ಇದೆ, ಹಾಗಾಗಿ ಯೂಸರ್ ತಮ್ಮ ಪಾಸ್‌ವರ್ಡ್ ಕೊಟ್ಟು ಶೆಲ್ಲನ್ನೇ ಬದಲಾಯಿಸಿಕೊಳ್ಳಬಹುದು. ಕೈತಪ್ಪಿ ಏನಾದರೂ ಮಾಡಿಕೊಳ್ಳದಿರಲಿ ಅಂತ ಆರ್‌ಬ್ಯಾಶ್ ಇಡಬಹುದು. ನಂಬಿಕೆ ಇಲ್ಲದವರನ್ನು ಕಟ್ಟಿಹಾಕಲು ಅದನ್ನು ನಂಬಬೇಡಿ.

ಬ್ಯಾಕಪ್‌ನಂಥ ಒಂದೇ ಕಮಾಂಡ್ ಬೇಕಿದ್ದರೆ ಆಥರೈಸ್ಡ್_ಕೀಸ್ ಫೈಲ್‌ನ ಕೀ ಸಾಲಿನ ಮುಂದೆ ರಿಸ್ಟ್ರಿಕ್ಟ್ ಮತ್ತು ಕಮಾಂಡ್ ಆಪ್ಷನ್ ಬರೆಯುವುದು ಚೊಕ್ಕವಾದ ದಾರಿ. ರಿಸ್ಟ್ರಿಕ್ಟ್ ಒಂದು ಪದ ಫಾರ್ವರ್ಡಿಂಗ್‌ಗಳನ್ನೂ ಟರ್ಮಿನಲ್ಲನ್ನೂ ಒಟ್ಟಿಗೆ ಮುಚ್ಚುತ್ತದೆ. ಒಂದು ಎಚ್ಚರ: ಈ ಕಮಾಂಡ್ ಕೂಡ ಯೂಸರ್‌ನ ಶೆಲ್ ಮೂಲಕವೇ ಓಡುತ್ತದೆ. 7ನೇ ಫೀಲ್ಡ್‌ನಲ್ಲಿ ನೋಲಾಗಿನ್ ಇಟ್ಟರೆ ಬ್ಯಾಕಪ್ ಓಡುವುದಿಲ್ಲ. ಇಂಥ ಅಕೌಂಟ್‌ಗೆ ನಿಜವಾದ ಶೆಲ್ ಇರಲೇಬೇಕು. ಪಾಸ್‌ವರ್ಡ್ ಲಾಗಿನ್ ಮುಚ್ಚಿರಬೇಕು, ಆಥರೈಸ್ಡ್_ಕೀಸ್ ಫೈಲ್ ಯೂಸರ್ ತಿದ್ದಲಾಗದ ಜಾಗದಲ್ಲಿರಬೇಕು.

ಸರ್ವಿಸ್ ನಿಂತರೆ

ಅಪ್ಲಿಕೇಷನ್ ಅಕೌಂಟ್‌ಗೆ ನೋಲಾಗಿನ್ ಹಾಕಿದ ರಾತ್ರಿ ಸರ್ವಿಸ್ ಏಳಲಿಲ್ಲ ಅಂದರೆ, ಸ್ಟಾರ್ಟ್ ಸ್ಕ್ರಿಪ್ಟ್‌ನಲ್ಲಿ ಎಸ್‌ಯು ಇದೆಯೇ ನೋಡಿ. ಎಸ್‌ಯು ಕೂಡ 7ನೇ ಫೀಲ್ಡನ್ನೇ ಓಡಿಸುತ್ತದೆ. ಅದರ ಬದಲು ರನ್‌ಯೂಸರ್ -ಯು ಬಳಸಿದರೆ ಶೆಲ್ ಬೇಕಾಗುವುದಿಲ್ಲ. ಸಿಸ್ಟಮ್‌ಡಿ ಯೂನಿಟ್‌ನ ಯೂಸರ್ ಸಾಲಿಗೂ ಶೆಲ್ ಬೇಡ.

ಬರೆದದ್ದು ಜಾರಿಗೆ ಬಂದಿದೆಯೇ

ಮ್ಯಾಚ್ ಬ್ಲಾಕ್ ಬರೆದಿದ್ದೇವೆ, ಆದರೂ ಏನೂ ಬದಲಾಗಿಲ್ಲ. ಇಲ್ಲವೇ ಸಂಬಂಧವೇ ಇಲ್ಲದ ಇನ್ನೊಂದು ಸೆಟ್ಟಿಂಗ್ ಹಾಳಾಗಿದೆ. ಎರಡಕ್ಕೂ ಕಾರಣ ಫೈಲ್ ಓದುವ ಕ್ರಮ. ಮ್ಯಾಚ್ ಸಾಲಿನ ಕೆಳಗಿರುವುದೆಲ್ಲ, ಇನ್ನೊಂದು ಮ್ಯಾಚ್ ಬರುವ ತನಕ ಅಥವಾ ಫೈಲ್ ಮುಗಿಯುವ ತನಕ, ಆ ಬ್ಲಾಕ್‌ಗೇ ಸೇರುತ್ತದೆ. ಸಾಲನ್ನು ಒಳಕ್ಕೆ ತಳ್ಳಿ ಬರೆದರೂ ಬಿಟ್ಟರೂ ಒಂದೇ. ಎಲ್ಲರಿಗೂ ಬೇಕಾದ ಸೆಟ್ಟಿಂಗನ್ನು ಕೊನೆಗೆ ಸೇರಿಸಿದರೆ ಅದು ಆ ಗುಂಪಿಗೆ ಮಾತ್ರ ಹೋಗುತ್ತದೆ. ಇನ್ನೊಂದು, ಒಂದು ಸೆಟ್ಟಿಂಗ್‌ಗೆ ಮೊದಲು ಸಿಕ್ಕ ಬೆಲೆಯೇ ಗೆಲ್ಲುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಮುಖ್ಯ ಫೈಲ್‌ನ ತಲೆಯಲ್ಲೇ ಇನ್‌ಕ್ಲೂಡ್ ಸಾಲು ಇದ್ದು, ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಒಳಗಿನ ತುಣುಕುಗಳು ಮೊದಲು ಬರುತ್ತವೆ. ಅಲ್ಲಿ ಪಾಸ್‌ವರ್ಡ್‌ಆಥೆಂಟಿಕೇಷನ್ ಯೆಸ್ ಇದ್ದರೆ, ಕೆಳಗೆ ಎಲ್ಲರಿಗೂ ಅಂತ ನೋ ಬರೆದದ್ದು ವ್ಯರ್ಥ.

ಊಹೆ ಮಾಡುತ್ತಾ ಕೂರಬೇಡಿ, ಎಸ್‌ಎಸ್‌ಎಚ್‌ಡಿಯನ್ನೇ ಕೇಳಿ. ಎಸ್‌ಎಸ್‌ಎಚ್‌ಡಿ ಜೊತೆ ಸಣ್ಣ ಟಿ ಕೊಟ್ಟರೆ ಫೈಲ್‌ನಲ್ಲಿ ತಪ್ಪಿದೆಯೇ ಹೇಳುತ್ತದೆ. ದೊಡ್ಡ ಟಿ ಕೊಟ್ಟು, ದೊಡ್ಡ ಸಿ ಜೊತೆ ಯೂಸರ್, ಹೋಸ್ಟ್, ಅಡ್ರೆಸ್ ಮೂರನ್ನೂ ಕೊಟ್ಟರೆ ಆ ಒಬ್ಬ ಯೂಸರ್‌ಗೆ ಕೊನೆಗೆ ಯಾವ ಸೆಟ್ಟಿಂಗ್ ಸಿಗುತ್ತದೆ ಅಂತ ಪೂರ್ತಿ ಪಟ್ಟಿ ಕೊಡುತ್ತದೆ:

ಎಸ್‌ಎಸ್‌ಎಚ್‌ಡಿ -ಟಿ -ಸಿ ಯೂಸರ್=ಅಪ್‌ಲೋಡ್,ಹೋಸ್ಟ್=ಲೋಕಲ್‌ಹೋಸ್ಟ್,ಅಡ್ರ್=127.0.0.1

ಅದರಲ್ಲಿ ಫೋರ್ಸ್‌ಕಮಾಂಡ್, ಕ್ರೂಟ್‌ಡೈರೆಕ್ಟರಿ, ಫಾರ್ವರ್ಡಿಂಗ್ ಸಾಲುಗಳನ್ನು ನೋಡಿ. ನಿಮ್ಮ ಬ್ಲಾಕ್ ಕಾಣದಿದ್ದರೆ ಯೂಸರ್ ಆ ಗುಂಪಿನಲ್ಲಿ ಇಲ್ಲದಿರಬಹುದು. ಐಡಿ ಕಮಾಂಡ್ ಅದನ್ನು ಖಚಿತ ಮಾಡುತ್ತದೆ. ಎಲ್ಲ ಸರಿ ಕಂಡ ಮೇಲೆ ರೀಲೋಡ್ ಮಾಡಿ. ಆಗಲೇ ತೆರೆದಿರುವ ಕನೆಕ್ಷನ್‌ಗಳಿಗೆ ಹೊಸ ಸೆಟ್ಟಿಂಗ್ ತಾಗುವುದಿಲ್ಲ, ಹಾಗಾಗಿ ಪರೀಕ್ಷೆಗೆ ಹೊಸ ಕನೆಕ್ಷನ್ ಬೇಕು. ನಿಮ್ಮ ಕ್ಲೈಂಟ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಇದ್ದರೆ ಅದು ಹಳೆಯ ಕನೆಕ್ಷನ್ನನ್ನೇ ಮತ್ತೆ ಬಳಸುತ್ತದೆ, ಮೊದಲು ಅದನ್ನು ಮುಚ್ಚಿ. ಆಮೇಲೆ ಹೊರಗಿನ ಮೆಷಿನ್‌ನಿಂದ ಮಾಮೂಲಿ ಲಾಗಿನ್, ಕಮಾಂಡ್ ಜೊತೆ ಲಾಗಿನ್, ಎಸ್‌ಎಫ್‌ಟಿಪಿ, ದೊಡ್ಡ ಎನ್ ಹಾಕಿದ ಸುರಂಗ, ಈ ನಾಲ್ಕನ್ನೂ ಒಂದಾದ ಮೇಲೆ ಒಂದು ಪ್ರಯತ್ನಿಸಿ. ಬೇಕಾದದ್ದು ನಡೆದು, ಬೇಡದ್ದು ನಿಂತಿದ್ದರೆ, ತೆರೆದಿಟ್ಟ ರೂಟ್ ಸೆಷನ್ ಮುಚ್ಚಬಹುದು.